ರಾಯ್ಸ್ ಬರೆದ ಎರಡನೇ ಚಿತ್ರ

ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ಯಾರನ್ನಾದರೂ ‘ವಾಟರ್‌ಫಾಲ್’ ಅಂದರೇನು ಎಂದು ಕೇಳಿ ನೋಡಿ. ಹಳೆಯ ಕಾಲದ ಗೊಡ್ಡು ಪದ್ಧತಿಯೊಂದರ ಹೆಸರು ಕೇಳಿದವರಂತೆ ಸಣ್ಣದಾಗಿ ನಕ್ಕು ವಿವರಿಸುತ್ತಾರೆ. ಮೊದಲು ಏನು ಬೇಕೆಂಬುದನ್ನೆಲ್ಲ ಬರೆದುಕೊಳ್ಳುವುದು, ಆಮೇಲೆ ವಿನ್ಯಾಸ, ಆಮೇಲೆ ಕೋಡಿಂಗ್, ಕೊನೆಗೆ ಪರೀಕ್ಷೆ. ಒಂದು ಮೆಟ್ಟಿಲು ಇಳಿದ ಮೇಲೆ ಹಿಂದಕ್ಕೆ ಹತ್ತುವಂತಿಲ್ಲ. ಜೋಗದ ನೀರು ಮತ್ತೆ ಮೇಲಕ್ಕೆ ಹೋಗುವುದಿಲ್ಲವಲ್ಲ, ಹಾಗೆ. ಇದನ್ನು ಕಂಡುಹಿಡಿದವರು ಯಾರು ಎಂದರೆ ಪಠ್ಯಪುಸ್ತಕಗಳು ಒಂದೇ ಹೆಸರು ಹೇಳುತ್ತವೆ: ವಿನ್ಸ್‌ಟನ್ ರಾಯ್ಸ್, 1970.

ಆ ಪ್ರಬಂಧವನ್ನು ತೆರೆದು ಓದಿದವರು ಕಡಿಮೆ. ಹನ್ನೊಂದೇ ಪುಟದ ಬರಹ ಅದು. ರಾಯ್ಸ್ ಆಗ ಕ್ಯಾಲಿಫೋರ್ನಿಯಾದ ಟಿಆರ್‌ಡಬ್ಲ್ಯೂ ಕಂಪನಿಯಲ್ಲಿದ್ದರು. ಬಾಹ್ಯಾಕಾಶ ನೌಕೆಗಳ ಯಾನವನ್ನು ಯೋಜಿಸುವ, ಅವುಗಳಿಗೆ ಆದೇಶ ಕಳಿಸುವ, ಯಾನ ಮುಗಿದ ಮೇಲೆ ಲೆಕ್ಕ ಒಪ್ಪಿಸುವ ತಂತ್ರಾಂಶಗಳ ನಡುವೆ ಒಂಬತ್ತು ವರ್ಷ ಕಳೆದಿದ್ದರು. ದೊಡ್ಡ ತಂತ್ರಾಂಶಗಳನ್ನು ಕಟ್ಟಿಸುವಾಗ ಕಂಡದ್ದನ್ನು ಆ ವರ್ಷದ ಆಗಸ್ಟ್‌ನಲ್ಲಿ ಒಂದು ಎಂಜಿನಿಯರಿಂಗ್ ಸಮ್ಮೇಳನದ ಮುಂದಿಟ್ಟರು. ಅದರ ಎರಡನೇ ಚಿತ್ರದಲ್ಲಿ ಏಳು ಚೌಕಗಳಿವೆ. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತವೆ. ಜಗತ್ತು ನೆನಪಿಟ್ಟುಕೊಂಡದ್ದು ಈ ಚಿತ್ರವನ್ನು. ‘ಜಲಪಾತ’ ಎಂಬ ಪದವಾದರೋ ಇಡೀ ಪ್ರಬಂಧದಲ್ಲಿ ಎಲ್ಲಿಯೂ ಇಲ್ಲ.

ಚಿತ್ರದ ನಂತರ ರಾಯ್ಸ್ ಹೇಳುವ ಮಾತು ಏನು? ಈ ಕಲ್ಪನೆಯಲ್ಲಿ ನನಗೆ ನಂಬಿಕೆಯಿದೆ, ಆದರೆ ಇದನ್ನು ಹೀಗೆಯೇ ಜಾರಿಗೆ ತಂದರೆ ಅಪಾಯ, ಸೋಲನ್ನು ಕರೆದು ಕೂರಿಸಿಕೊಂಡಂತೆ ಎನ್ನುತ್ತಾರೆ. ಕಾರಣವನ್ನೂ ಕೊಡುತ್ತಾರೆ. ಪ್ರೋಗ್ರಾಮ್ ಎಷ್ಟು ವೇಗವಾಗಿ ಓಡುತ್ತದೆ, ಎಷ್ಟು ಮೆಮೊರಿ ತಿನ್ನುತ್ತದೆ ಎಂಬುದು ಅಲ್ಲಿಯವರೆಗೂ ಬರೀ ಲೆಕ್ಕಾಚಾರ. ಕಣ್ಣಿಗೆ ಕಾಣುವುದು ಪರೀಕ್ಷೆಯ ಹಂತದಲ್ಲಿ. ಆ ಹಂತ ಇರುವುದೋ ಕೊನೆಯಲ್ಲಿ. ಅಲ್ಲಿ ಎಡವಟ್ಟಾದರೆ ತಿದ್ದಬೇಕಾದದ್ದು ಒಂದೆರಡು ಸಾಲಲ್ಲ, ಮೂಲ ವಿನ್ಯಾಸವನ್ನೇ. ಕೆಲವೊಮ್ಮೆ ಏನು ಬೇಕೆಂದು ಬರೆದುಕೊಂಡದ್ದನ್ನೇ ಬದಲಿಸಬೇಕಾಗುತ್ತದೆ. ಸಮಯವೋ ಖರ್ಚೋ ಇಮ್ಮಡಿಯಾಗಬಹುದು ಎಂದು ಅವರ ಎಚ್ಚರಿಕೆ.

ಉಳಿದ ಪುಟಗಳಲ್ಲಿ ಇರುವುದೆಲ್ಲ ಇದಕ್ಕೆ ಮದ್ದು. ಅದರಲ್ಲಿ ಒಂದು, ಎರಡು ಸಲ ಕಟ್ಟಿ ಎಂಬುದು. ಮೂವತ್ತು ತಿಂಗಳ ಕೆಲಸವಾದರೆ ಮೊದಲು ಹತ್ತು ತಿಂಗಳಲ್ಲಿ ಅದರದೇ ಚಿಕ್ಕ ಮಾದರಿಯೊಂದನ್ನು ಪೂರ್ತಿ ಮಾಡಿ ನೋಡಿ, ಎಲ್ಲಿ ಮುಗ್ಗರಿಸುತ್ತೀರಿ ಎಂಬುದು ಆಗ ಗೊತ್ತಾಗುತ್ತದೆ ಎನ್ನುತ್ತಾರೆ. ಮತ್ತೊಂದು, ಗ್ರಾಹಕನನ್ನು ಕೊನೆಯ ದಿನ ಕರೆಯಬೇಡಿ, ನಡುನಡುವೆ ಔಪಚಾರಿಕವಾಗಿಯೇ ಒಳಗೆ ತನ್ನಿ ಎಂಬುದು. ಹಿಂದಕ್ಕೂ ಮುಂದಕ್ಕೂ ಓಡುವ ಬಾಣಗಳು ಸೇರುತ್ತಾ ಸೇರುತ್ತಾ ಹತ್ತನೇ ಚಿತ್ರದ ಹೊತ್ತಿಗೆ ಪುಟ ಜೇಡರ ಬಲೆಯಂತಾಗಿದೆ. ನನಗನ್ನಿಸುವುದು, ರಾಯ್ಸ್ ಸೋತದ್ದು ಇಲ್ಲೇ. ಬೇಡವೆಂದ ಚಿತ್ರವನ್ನು ಅವರು ಅಂದವಾಗಿ ಬರೆದರು, ಬೇಕೆಂದದ್ದನ್ನು ಯಾರೂ ನೆನಪಿಡಲಾಗದಂತೆ ಬರೆದರು.

ಇದಕ್ಕೆ ಮೊದಲೂ ಹೀಗೊಂದು ನಡೆದಿತ್ತು. ಅಮೆರಿಕದ ವಾಯುರಕ್ಷಣೆಗಾಗಿ ಕಟ್ಟಿದ ಸೇಜ್ ವ್ಯವಸ್ಥೆಯ ಬಗ್ಗೆ ಹರ್ಬರ್ಟ್ ಬೆನಿಂಗ್ಟನ್ 1956ರಲ್ಲಿ ಒಂದು ಪ್ರಬಂಧ ಓದಿದರು. ಅಲ್ಲಿಯೂ ಹಂತಗಳು ಒಂದರ ಕೆಳಗೊಂದು. 1983ರಲ್ಲಿ ಅದು ಮರುಮುದ್ರಣವಾದಾಗ ಅವರು ಹೊಸ ಮುನ್ನುಡಿ ಸೇರಿಸಿ, ಬರೆಯದೆ ಬಿಟ್ಟಿದ್ದ ಸಂಗತಿಯೊಂದನ್ನು ಹೇಳಿದರು: ನಿಜವಾದ ಕೆಲಸಕ್ಕೆ ಕೈಹಾಕುವ ಮೊದಲು ಸುಮಾರು 35,000 ಆದೇಶಗಳ ಪ್ರಾಯೋಗಿಕ ಮಾದರಿಯೊಂದನ್ನು ಕಟ್ಟಿಕೊಂಡಿದ್ದೆವು! ಪಾಕವಿಧಾನ ಬರೆದವರು ಹದ ನೋಡಲು ಮೊದಲು ಹೊಯ್ದ ದೋಸೆಯ ವಿಷಯವನ್ನೇ ಮರೆತಂತೆ.

‘ಜಲಪಾತ’ ಎಂಬ ಹೆಸರು ಅಚ್ಚಿನಲ್ಲಿ ಬಂದದ್ದು 1976ರಲ್ಲಿ, ಟಿಆರ್‌ಡಬ್ಲ್ಯೂನವರೇ ಆದ ಬೆಲ್ ಮತ್ತು ಥೇಯರ್ ಬರೆದ ಪ್ರಬಂಧದಲ್ಲಿ. ಆದರೆ ಹೆಸರಿಗಿಂತ ದೊಡ್ಡ ಬಲ ಬಂದದ್ದು 1985ರಲ್ಲಿ. ಅಮೆರಿಕದ ರಕ್ಷಣಾ ಇಲಾಖೆ 2167 ಎಂಬ ಸಂಖ್ಯೆಯ ಮಾನದಂಡವನ್ನು ಹೊರಡಿಸಿತು. ಗುತ್ತಿಗೆದಾರರು ಹಂತಹಂತವಾಗಿ ಸಾಗಬೇಕು, ಪ್ರತಿ ಹಂತಕ್ಕೂ ದಾಖಲೆ ಕೊಡಬೇಕು, ಪರಿಶೀಲನೆ ಮುಗಿಸಬೇಕು. ಹಣ ಕೊಡುವವರಿಗೆ ಇದರಂಥ ಅನುಕೂಲ ಬೇರೆ ಇಲ್ಲ. ತಂತ್ರಾಂಶ ಕಣ್ಣಿಗೆ ಕಾಣುವುದಿಲ್ಲ. ಸಹಿ ಬಿದ್ದ ದಾಖಲೆ ಕಾಣುತ್ತದೆ. ಕಂತಿನ ಹಣ ಬಿಡುಗಡೆ ಮಾಡಲು ಅಧಿಕಾರಿಗೆ ಬೇಕಾದದ್ದು ಅದೇ ತಾನೆ? ಕೋಡ್ ಬರೆಯುವವರಿಗೆ ಹೊಂದುವ ಕ್ರಮ ಯಾವುದು ಎಂಬ ಪ್ರಶ್ನೆಯನ್ನು ಬಿಲ್ ಪಾಸು ಮಾಡುವವರ ಮೇಜು ತೀರ್ಮಾನಿಸಿತು.

ನಮ್ಮ ಬೆಂಗಳೂರಿಗೂ ಈ ನಂಟು ತಲುಪಿದೆ. 1990ರ ದಶಕದಲ್ಲಿ ಹೊರದೇಶದ ಕೆಲಸವನ್ನು ನಿಗದಿತ ಬೆಲೆಗೆ ಒಪ್ಪಿಕೊಂಡು ಮಾಡುವಾಗ, ಸಾಗರದಾಚೆಯ ಗ್ರಾಹಕ ಸಹಿ ಹಾಕಿದ ಕಾಗದವೇ ಗುರಾಣಿ. ಅದೇ ರಕ್ಷಣಾ ಇಲಾಖೆಯ ಹಣದಿಂದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ರೂಪಿಸಿದ ಸಿಎಂಎಂ ಎಂಬ ಐದು ಹಂತಗಳ ಅಳತೆಗೋಲು ಇಲ್ಲಿ ಬಹಳ ಬೇಗ ಪ್ರತಿಷ್ಠೆಯ ವಿಷಯವಾಯಿತು. ಮೊಟೊರೋಲಾದ ಬೆಂಗಳೂರು ಘಟಕ ಐದನೇ ಹಂತ ಮುಟ್ಟಿದ ಜಗತ್ತಿನ ಮೊದಲಿಗರಲ್ಲಿ ಒಂದು. ಸಿಎಂಎಂ ಜಲಪಾತವನ್ನೇ ಅನುಸರಿಸಿ ಎಂದು ಹೇಳಲಿಲ್ಲ, ನಿಜ. ಆದರೆ ಹೆಸರು ಗೊತ್ತಿಲ್ಲದ ಊರಿನ ಹುಡುಗರ ಕೈಗೆ ಕೆಲಸ ಕೊಡುವವರಿಗೆ ದಾಖಲೆಯಷ್ಟು ಧೈರ್ಯ ಕೊಡುವುದು ಇನ್ನೇನಿತ್ತು?

ಅತ್ತ ಅಮೆರಿಕದಲ್ಲಿ ಮಾನದಂಡ ಹೊರಬಿದ್ದ ಎರಡೇ ವರ್ಷಕ್ಕೆ ತಕರಾರು ಶುರುವಾಗಿತ್ತು. ಐಬಿಎಂನ ಓಎಸ್/360 ಕಟ್ಟಿಸಿ ಕೈ ಸುಟ್ಟುಕೊಂಡು, ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು 1975ರಲ್ಲೇ ಬರೆದಿದ್ದ ಫ್ರೆಡ್ ಬ್ರೂಕ್ಸ್ ನೇತೃತ್ವದ ಸಮಿತಿ 1987ರಲ್ಲಿ ವರದಿ ಕೊಟ್ಟಿತು. ತಂತ್ರಾಂಶವನ್ನು ಒಮ್ಮೆಲೇ ನಿಗದಿ ಮಾಡಿ ಕಟ್ಟಿಸಬೇಡಿ, ಬೆಳೆಸಿ ಎಂಬುದು ಅದರ ತಿರುಳು. 1994ರ ಡಿಸೆಂಬರಿನಲ್ಲಿ ಬೇರೊಂದು ಮಾನದಂಡ ಆ ಜಾಗಕ್ಕೆ ಬಂತು. 2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ ಹದಿನೇಳು ಮಂದಿ ಸೇರಿ ‘ಅಜೈಲ್’ ಪ್ರಣಾಳಿಕೆ ಬರೆದ ಕತೆ ಎಲ್ಲರಿಗೂ ಗೊತ್ತಿರುವುದೇ.

ಈಚೆಗೆ ರಾಯ್ಸ್ ಅವರನ್ನು ಅಜೈಲ್‌ನ ಮೂಲಪುರುಷನೆಂದು ಕೂರಿಸುವ ಹುರುಪೂ ಕಾಣುತ್ತದೆ. ಇದೂ ಅಷ್ಟೇ ತಪ್ಪು. ಐವತ್ತು ಲಕ್ಷ ಡಾಲರಿನ ಯಂತ್ರ ಕೊಳ್ಳಲು ಮೂವತ್ತು ಪುಟದ ವಿವರಣೆ ಸಾಕು, ಅಷ್ಟೇ ಬೆಲೆಯ ತಂತ್ರಾಂಶಕ್ಕೆ ಸಾವಿರದ ಐನೂರು ಪುಟ ಬೇಕು ಎಂದ ಮನುಷ್ಯ ಅವರು. ದಾಖಲೆ ತೀರಾ ಹಿಂದೆ ಬಿದ್ದಿದ್ದರೆ ಮೊದಲು ಮ್ಯಾನೇಜರನ್ನೇ ಬದಲಿಸಿ ಎಂದವರು. ಬರವಣಿಗೆ ಇಲ್ಲದಿದ್ದರೆ ಪ್ರತಿ ತಿಂಗಳೂ ‘ತೊಂಬತ್ತು ಪರ್ಸೆಂಟ್ ಮುಗಿದಿದೆ’ ಎನ್ನುವವನ ಬಾಯಿ ಮುಚ್ಚಿಸಲಾಗದು ಎಂಬ ಅವರ ವಾದವನ್ನು, ದಿನವೂ ನಿಂತುಕೊಂಡೇ ಮಾಡುವ ಈಗಿನ ಬೆಳಗಿನ ಮೀಟಿಂಗುಗಳಲ್ಲಿ ಅದೇ ತೊಂಬತ್ತನ್ನು ಕೇಳಿದವರು ಸುಲಭವಾಗಿ ತಳ್ಳಿಹಾಕಲಾರರು.

ರಾಯ್ಸ್ 1995ರಲ್ಲಿ ತೀರಿಕೊಂಡರು. ಮಗ ವಾಕರ್ ರಾಯ್ಸ್ ಕೂಡ ಟಿಆರ್‌ಡಬ್ಲ್ಯೂನಲ್ಲಿ ತಂತ್ರಾಂಶ ಕಟ್ಟಿಸಿದವರೇ. ಎಂಬತ್ತರ ದಶಕದ ಕೊನೆಯಲ್ಲಿ, ರಕ್ಷಣಾ ಇಲಾಖೆಯ ಹಳೆಯ ಮಾನದಂಡ ಇನ್ನೂ ಜಾರಿಯಲ್ಲಿದ್ದಾಗಲೇ, ಕ್ಷಿಪಣಿ ದಾಳಿಯ ಮುನ್ನೆಚ್ಚರಿಕೆ ಕೇಂದ್ರದ ತಂತ್ರಾಂಶವನ್ನು ಅವರ ತಂಡ ಆರು ಸುತ್ತುಗಳಲ್ಲಿ ಕಟ್ಟಿತು. ಒಂದೊಂದು ಸುತ್ತಿಗೂ ಸುಮಾರು ಆರು ತಿಂಗಳು.