ಹವಾಮಾನದ ಮೂರು ಮಾತು, ಮೂರು ಕಥೆ



ಮಳೆಗಾಲ ಬಂತೆಂದರೆ ನಾವಿರುವ ಮಹಾನಗರಗಳಲ್ಲಿ ಇಂಗ್ಲಿಷಿನ ಮೂರು ಪದಗಳು ಎಲ್ಲರ ಬಾಯಲ್ಲೂ ಇರುತ್ತವೆ: ಮಾನ್ಸೂನ್, ಸೈಕ್ಲೋನ್, ಫೋರ್‌ಕಾಸ್ಟ್. ಮನೆಯ ಕನ್ನಡದೊಳಗೂ ಅವು ನುಸುಳಿವೆ. ಪಟ್ಟಿ ಮಾಡಿ ಬಾಯಿಪಾಠ ಮಾಡುವುದಕ್ಕಿಂತ, ಹುಟ್ಟಿದ ಕಥೆ ತಿಳಿದರೆ ಪದದ ಅರ್ಥ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಮಾನ್ಸೂನ್‌ನ ಮೂಲ ಅರಬ್ಬಿಯ ‘ಮೌಸಿಮ್’. ಅಂದರೆ ಋತು, ತಕ್ಕ ಕಾಲ. ಅರಬ್ಬಿ ಸಮುದ್ರ ದಾಟುವ ಹಾಯಿಹಡಗುಗಳಿಗೆ ಗಾಳಿ ಯಾವಾಗ ದಿಕ್ಕು ಬದಲಿಸುತ್ತದೆ ಎಂಬುದೇ ಮುಖ್ಯವಾಗಿತ್ತು. ಆದ್ದರಿಂದ ಮಾನ್ಸೂನ್ ಎಂದರೆ ಮೊದಲು ಗಾಳಿ, ಆಮೇಲೆ ಮಳೆ. ಪೋರ್ಚುಗೀಸರ ಮೂಲಕ ಈ ಪದ ಇಂಗ್ಲಿಷಿಗೆ ಹೋಯಿತು. ಮುಂಬಯಿ, ದೆಹಲಿಗಳಲ್ಲಿ ದಿನವೂ ಕಿವಿಗೆ ಬೀಳುವ ‘ಮೌಸಮ್’ ಇದರ ಒಡಹುಟ್ಟು!

ಸೈಕ್ಲೋನ್ ಹುಟ್ಟಿದ್ದು ನಮ್ಮದೇ ಕಲ್ಕತ್ತೆಯಲ್ಲಿ. ಹಡಗಿನ ಕಪ್ತಾನರಾಗಿದ್ದ ಹೆನ್ರಿ ಪಿಡಿಂಗ್ಟನ್ ಅಲ್ಲಿ ನೆಲೆಸಿ, ಹಡಗುಗಳ ದಿನಚರಿಗಳನ್ನು ಕಲೆಹಾಕಿ ಬಿರುಗಾಳಿಗಳ ಜಾಡು ಹಿಡಿದರು. ಆ ಗಾಳಿ ಸುತ್ತುವ ಬಗೆ ಕಂಡು, ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಮೂಲದಿಂದ ಈ ಪದ ಕಟ್ಟಿ, 1848ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಬಳಸಿದರು.

ಆ ಸುರುಳಿಯ ನಟ್ಟನಡುವೆ ಗಾಳಿ ಶಾಂತ. ಅದೇ ಬಿರುಗಾಳಿಯ ಕಣ್ಣು. ‘ಇನ್ ದಿ ಐ ಆಫ್ ದಿ ಸ್ಟಾರ್ಮ್’ ಎಂಬ ನುಡಿಗಟ್ಟು ಬಂದದ್ದು ಇದರಿಂದಲೇ. 2016ರ ಡಿಸೆಂಬರಿನಲ್ಲಿ ವರ್ಧಾ ಚಂಡಮಾರುತ ಬಂದಾಗ ಚೆನ್ನೈನವರು ಇದನ್ನು ಕಣ್ಣಾರೆ ಕಂಡರು. ಗಾಳಿ ನಿಂತಿತು ಎನ್ನುವಷ್ಟರಲ್ಲಿ ಎದುರು ದಿಕ್ಕಿನಿಂದ ಮತ್ತೆ ಅಪ್ಪಳಿಸಿತು.

ಹೆಸರಿಟ್ಟವರ ಮಾತನ್ನು ಸರ್ಕಾರ ಕೇಳಿತೇ? ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುವ ಯೋಚನೆ ಎದ್ದಾಗ, ಚಂಡಮಾರುತದ ಅಲೆ ಅದನ್ನು ಮುಳುಗಿಸೀತೆಂದು ಪಿಡಿಂಗ್ಟನ್ 1853ರಲ್ಲೇ ಗವರ್ನರ್ ಜನರಲ್‌ಗೆ ಬರೆದು ಎಚ್ಚರಿಸಿದರು. ಯಾರೂ ಕಿವಿಗೊಡಲಿಲ್ಲ. 1858ರಲ್ಲಿ ಅವರು ತೀರಿಕೊಂಡರು. ಕ್ಯಾನಿಂಗ್ ಬಂದರು ತಲೆಯೆತ್ತಿತು. 1867ರ ನವೆಂಬರಿನ ಬಿರುಗಾಳಿಯಲ್ಲಿ ನೀರು ನುಗ್ಗಿ ಅದನ್ನು ಹಾಳುಗೆಡವಿತು. ಕೆಲವೇ ವರ್ಷಗಳಲ್ಲಿ ಬಂದರು ಪಾಳುಬಿತ್ತು.

ಫೋರ್‌ಕಾಸ್ಟ್‌ನ ಹಿಂದೆಯೂ ಸಾವಿನ ನೆರಳಿದೆ. 1859ರ ಅಕ್ಟೋಬರಿನಲ್ಲಿ ವೇಲ್ಸ್ ತೀರದಲ್ಲಿ ‘ರಾಯಲ್ ಚಾರ್ಟರ್’ ಹಡಗು ಒಡೆದು 400ಕ್ಕೂ ಹೆಚ್ಚು ಜನ ಮಡಿದರು. ಡಾರ್ವಿನ್ ಪಯಣಿಸಿದ್ದ ಬೀಗಲ್ ಹಡಗಿನ ಕಪ್ತಾನರಾಗಿದ್ದ ರಾಬರ್ಟ್ ಫಿಟ್ಜ್‌ರಾಯ್ ಆಮೇಲೆ ತಂತಿಯ ಮೂಲಕ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳಿಸುವ ಏರ್ಪಾಡು ಮಾಡಿದರು. 1861ರ ಆಗಸ್ಟ್ 1ರಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಅವರ ಮೊದಲ ಮುನ್ಸೂಚನೆ ಅಚ್ಚಾಯಿತು. ಇದು ಭವಿಷ್ಯವಾಣಿಯಲ್ಲ, ಲೆಕ್ಕಾಚಾರದಿಂದ ಬಂದ ಅಭಿಪ್ರಾಯ ಎಂದು ತೋರಿಸಲೆಂದೇ ಅವರು ಫೋರ್‌ಕಾಸ್ಟ್ ಎಂಬ ಪದ ಆರಿಸಿಕೊಂಡರು. ಆದರೂ ಮುನ್ಸೂಚನೆ ತಪ್ಪಿದಾಗಲೆಲ್ಲ ಅವರು ಗೇಲಿಗೆ ಗುರಿಯಾದರು.

ನಾವೂ ‘ಮಳೆ ಬರುತ್ತೆ ಅಂದ್ರು, ಬರಲೇ ಇಲ್ಲ’ ಎಂದು ನಗುತ್ತೇವೆ. ನಗೋಣ, ಆದರೆ ಕಿವಿ ಮುಚ್ಚುವುದು ಬೇಡ. ಕ್ಯಾನಿಂಗ್ ಬಂದರು ಹೇಳುವ ಪಾಠ ಅದೇ.