ಆಕ್ಷೇಪ ಮತ್ತು ಸಮಾಧಾನ: ಕ್ರೈಸ್ತಮತಸಮರ್ಥನೆಯ ಬೆಳವಣಿಗೆ

ಸಿದ್ಧಾಂತವನ್ನು ಸ್ಥಾಪಿಸುವುದಕ್ಕೆ ಮುನ್ನ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸಬೇಕೆಂಬುದು ನಮ್ಮ ಶಾಸ್ತ್ರಕಾರರು ಅನುಸರಿಸುತ್ತ ಬಂದ ನಿಯಮ. ಕ್ರೈಸ್ತಮತಸಮರ್ಥನೆಯ ಹದಿನೆಂಟು ಶತಮಾನಗಳ ಚರಿತ್ರೆಯನ್ನು ಈ ನಿಯಮದಿಂದ ಪರೀಕ್ಷಿಸಿದರೆ, ಸಂಶಯವಾದಿಯ ಪ್ರಶ್ನೆಯನ್ನು ಮೊಟಕುಗೊಳಿಸದೆ ಎದುರಿಸಿದ ಕಾಲಗಳಲ್ಲೆಲ್ಲ ಆ ವಾಙ್ಮಯವು ಬೆಳೆದುದೂ, ಪ್ರಶ್ನೆಯನ್ನು ಬದಿಗೊತ್ತಿದಾಗಲೆಲ್ಲ ಬರಿಯ ಪ್ರಚಾರವಾಗಿ ಕುಗ್ಗಿದುದೂ ಕಂಡುಬರುತ್ತದೆ.

ಅದರ ಆರಂಭವಾದುದು ಪ್ರಾಣಭಯದ ನಡುವೆ. ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತರ ಮೇಲಿದ್ದ ಆರೋಪಗಳಲ್ಲಿ ನಾಸ್ತಿಕ್ಯವೂ ಒಂದು. ರಾಜ್ಯದ ದೇವತೆಗಳಿಗೆ ಬಲಿಯರ್ಪಿಸದವರನ್ನು ಅಂದಿನವರು ಹಾಗೆಯೇ ಭಾವಿಸುತ್ತಿದ್ದರು. ಪ್ಯಾಲೆಸ್ತೀನಿನಲ್ಲಿ ಹುಟ್ಟಿ, ಹಲವು ದರ್ಶನಗಳ ಗುರುಗಳನ್ನು ಆಶ್ರಯಿಸಿ, ಕಡೆಗೆ ಕ್ರೈಸ್ತನಾದ ಮೇಲೂ ದಾರ್ಶನಿಕನ ಉತ್ತರೀಯವನ್ನು ತ್ಯಜಿಸದಿದ್ದ ಜಸ್ಟಿನನು ಸುಮಾರು 155ರಲ್ಲಿ ಚಕ್ರವರ್ತಿ ಆಂಟೊನೈನಸ್ ಪಯಸನಿಗೆ ವಿಜ್ಞಾಪನೆಯೊಂದನ್ನು ಬರೆದು, ಹೆಸರನ್ನು ನೋಡಿ ಶಿಕ್ಷಿಸದೆ ನಡತೆಯನ್ನು ನೋಡಿ ವಿಚಾರಿಸಬೇಕೆಂದು ಕೇಳಿದನು. ವಿವೇಕವನ್ನನುಸರಿಸಿ ಬಾಳಿದ ಸಾಕ್ರಟೀಸನಂಥವರೂ ಕ್ರಿಸ್ತನ ಅಂಶಭಾಗಿಗಳೇ ಎಂಬ ಅವನ ಔದಾರ್ಯವು ಮುಂದಿನ ಎಷ್ಟೋ ಸಮರ್ಥಕರಿಗೆ ದಕ್ಕಲಿಲ್ಲ. ಸುಮಾರು 165ರಲ್ಲಿ ರೋಮಿನಲ್ಲಿ ಅವನ ಶಿರಚ್ಛೇದವಾಯಿತು.

ನಿಜವಾದ ಪೂರ್ವಪಕ್ಷವು ದೊರೆತುದು ಸೆಲ್ಸಸನೆಂಬ ಗ್ರೀಕ್ ದಾರ್ಶನಿಕನಿಂದ. ಸರ್ವವ್ಯಾಪಿಯಾದ ದೇವರು ಭೂಮಿಗೆ ಇಳಿದು ಬರುವುದೆಂದರೇನು, ಮಾನವಕುಲವನ್ನು ಉದ್ಧರಿಸುವ ಯೋಚನೆ ಇಷ್ಟು ತಡವಾಗಿ ಅವನಿಗೆ ಹುಟ್ಟಿದುದೇಕೆ, ಪುನರುತ್ಥಾನಕ್ಕೆ ನಂಬತಕ್ಕ ಸಾಕ್ಷಿಗಳಾರು ಎಂದು ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಅವನು ಕೇಳಿದ ಪ್ರಶ್ನೆಗಳಿಗೆ ಇಂದಿಗೂ ಮುಪ್ಪು ಬಂದಿಲ್ಲ. ಸುಮಾರು 248ರಲ್ಲಿ ಆರಿಜನನು ಎಂಟು ಸಂಪುಟಗಳಲ್ಲಿ ಉತ್ತರವನ್ನು ಬರೆದಾಗ, ಪ್ರತಿವಾದಿಯ ವಾಕ್ಯಗಳನ್ನೇ ಒಂದೊಂದಾಗಿ ಎತ್ತಿಕೊಂಡು ಪರಿಶೀಲಿಸಿದನು. ಸೆಲ್ಸಸನ ಮೂಲಗ್ರಂಥ ನಷ್ಟವಾಗಿದೆ. ಇಂದು ನಾವು ಅವನನ್ನು ಓದುವುದು ಬಹುಮಟ್ಟಿಗೆ ಅವನ ಖಂಡನಕಾರನ ಪುಟಗಳಲ್ಲಿಯೇ.

410ರಲ್ಲಿ ರೋಮ್ ಲೂಟಿಯಾದಾಗ, ಹಳೆಯ ದೇವತೆಗಳನ್ನು ಕೈಬಿಟ್ಟುದರ ಫಲವಿದೆಂದು ದೂರಿದವರಿಗೆ ಅಗಸ್ಟೀನನು ಇಪ್ಪತ್ತೆರಡು ಭಾಗಗಳ ಮಹಾಗ್ರಂಥದಿಂದ ಉತ್ತರವಿತ್ತನು. ಅನಂತರದ ಯೂರೋಪಿನಲ್ಲಿ ಮತವೇ ರಾಜಶಾಸನವಾದುದರಿಂದ ಹೊರಗಿನ ಆಕ್ಷೇಪಕರು ವಿರಳರಾದರು. ಆಕ್ಷೇಪವನ್ನು ಸಂನ್ಯಾಸಿಗಳೇ ಕಲ್ಪಿಸಿಕೊಳ್ಳಬೇಕಾಯಿತು. 1078ರ ಸುಮಾರಿಗೆ ಆನ್ಸೆಲ್ಮನು, ಯಾವುದಕ್ಕಿಂತ ಮಹತ್ತಾದುದನ್ನು ಭಾವಿಸಲಾಗದೋ ಅದು ಬರಿಯ ಭಾವನೆಯಲ್ಲಿ ಮಾತ್ರ ಇರಲಾರದೆಂದು ವಾದಿಸಿ ದೇವರ ಅಸ್ತಿತ್ವವನ್ನು ಸಾಧಿಸಹೊರಟಾಗ, ಗೌನಿಲೊ ಎಂಬ ಮತ್ತೊಬ್ಬ ಸಂನ್ಯಾಸಿ, ಇದೇ ತರ್ಕದಿಂದ ಸರ್ವಶ್ರೇಷ್ಠವಾದ ದ್ವೀಪವೊಂದನ್ನೂ ಸಮುದ್ರದಲ್ಲಿ ಹುಟ್ಟಿಸಬಹುದಲ್ಲವೇ ಎಂದು ಕೇಳಿದನು. ಆನ್ಸೆಲ್ಮನ ಉತ್ತರ ಸಾಲದೆಂದು ಅನೇಕರ ಮತ, ನನ್ನದೂ ಅದೇ. ಆದರೆ ಆ ಆಕ್ಷೇಪವನ್ನೂ ತನ್ನ ಉತ್ತರವನ್ನೂ ಗ್ರಂಥದೊಡನೆಯೇ ಪ್ರತಿಮಾಡಿಸಬೇಕೆಂದು ಅವನು ವಿಧಿಸಿದುದು ಅವನ ತರ್ಕಕ್ಕಿಂತ ದೊಡ್ಡ ಕೆಲಸ. ಹದಿಮೂರನೆಯ ಶತಮಾನದ ತಾಮಸ್ ಅಕ್ವಿನಾಸನು ತನ್ನ ಪ್ರಧಾನಗ್ರಂಥದ ಪ್ರತಿಯೊಂದು ಪ್ರಶ್ನೆಯನ್ನೂ ಆಕ್ಷೇಪಗಳಿಂದಲೇ ಆರಂಭಿಸಿ ಈ ಸಂಪ್ರದಾಯಕ್ಕೆ ಶಾಸ್ತ್ರರೂಪವನ್ನಿತ್ತನು.

1748ರಲ್ಲಿ ಡೇವಿಡ್ ಹ್ಯೂಮನು ಪವಾಡಗಳನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದಾಗ ಪೂರ್ವಪಕ್ಷವು ಹೊರಗಿನಿಂದ ಮತ್ತೆ ಬಂದಿತು. ಅವನ ಸಂವಾದಗ್ರಂಥವು, ಜಗತ್ತಿನ ರಚನೆಯಿಂದ ರಚಿಸಿದವನನ್ನು ಊಹಿಸುವ ವಾದವನ್ನು ಅವನ ಮರಣಾನಂತರ, 1779ರಲ್ಲಿ, ಅಲುಗಾಡಿಸಿತು. ಇದಾದ ಇಪ್ಪತ್ತಮೂರು ವರ್ಷಗಳಿಗೆ ವಿಲಿಯಂ ಪೇಲಿ ಬಯಲಿನಲ್ಲಿ ಬಿದ್ದಿದ್ದ ಗಡಿಯಾರದ ಉಪಮೆಯಿಂದ ಅದೇ ವಾದವನ್ನು ಹೊಸದಾಗಿ ಕಟ್ಟಿದನು; ಕೇಂಬ್ರಿಜ್‌ನಲ್ಲಿ ಪೇಲಿಯನ್ನು ಮೆಚ್ಚಿ ಓದಿದ ಡಾರ್ವಿನನೇ 1859ರಲ್ಲಿ ಆ ಕಟ್ಟಡದ ಅಡಿಪಾಯವನ್ನು ಸಡಿಲಿಸಿದನು. ಹ್ಯೂಮನಿಗೆ ಮೊದಲು ಸಮರ್ಪಕವಾಗಿ ಉತ್ತರಿಸಿದ್ದರೆ ಪೇಲಿ ಇಷ್ಟು ಸುಲಭವಾಗಿ ಸೋಲುತ್ತಿರಲಿಲ್ಲ.

ಭಾರತದಲ್ಲಿ ಕ್ರೈಸ್ತಮತಸಮರ್ಥನೆಯ ವಾದವು ಸಂಸ್ಕೃತದಲ್ಲಿಯೂ ನಡೆದುದು ಗಮನಾರ್ಹ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಜಾನ್ ಮ್ಯೂರನು 1839ರಲ್ಲಿ ಗುರುಶಿಷ್ಯಸಂವಾದರೂಪದ 'ಮತಪರೀಕ್ಷಾ'ವನ್ನು ಪ್ರಕಟಿಸಲು, ಮೂವರು ಪಂಡಿತರು ಸಂಸ್ಕೃತದಲ್ಲಿಯೇ ಪ್ರತ್ಯುತ್ತರವಿತ್ತರು. ಅವರಲ್ಲೊಬ್ಬರಾದ ಕಾಶಿಯ ನೀಲಕಂಠ ಗೋರೆ 1848ರಲ್ಲಿ ತಾವೇ ಕ್ರೈಸ್ತರಾಗಿ, ಮುಂದೆ ಹಿಂದಿಯಲ್ಲಿ 'ಷಡ್ದರ್ಶನದರ್ಪಣ'ವನ್ನು ಬರೆದು ಹಿಂದೂದರ್ಶನಗಳನ್ನು ಖಂಡಿಸಿದರು. ಎರಡು ಪಕ್ಷಗಳಲ್ಲಿಯೂ ನಿಂತು ವಾದಿಸಿದ ಅಂಥ ಪಂಡಿತರು ಈ ಚರಿತ್ರೆಯಲ್ಲಿ ವಿರಳ.

ಇಪ್ಪತ್ತನೆಯ ಶತಮಾನದಲ್ಲಿ ಕಾರ್ಲ್ ಬಾರ್ಟನು ಕ್ರೈಸ್ತನಾಗಿಯೇ, ಮಾನುಷತರ್ಕದಿಂದ ದೇವರನ್ನು ಮುಟ್ಟುವ ಯತ್ನವೇ ತಪ್ಪೆಂದು 1934ರಲ್ಲಿ ಕಟುವಾಗಿ ನಿರಾಕರಿಸಿದನು. ಆಲ್ವಿನ್ ಪ್ಲಾಂಟಿಂಗರು 1974ರಲ್ಲಿ, ಸರ್ವಶಕ್ತನಾದ ದಯಾಮಯನೂ ಲೋಕದ ಕೇಡೂ ಒಟ್ಟಿಗಿರುವುದು ತರ್ಕವಿರುದ್ಧವಲ್ಲವೆಂದು ಸ್ವತಂತ್ರೇಚ್ಛೆಯ ಆಧಾರದಿಂದ ವಾದಿಸಿದರು; ವಿರೋಧಿಗಳಲ್ಲಿಯೂ ಹಲವರು ಅದನ್ನೊಪ್ಪಿದರು. ಇವರಿಬ್ಬರ ನಡುವಣ ಕಾಲದಲ್ಲಿ ಸಾಮಾನ್ಯ ಓದುಗನನ್ನು ತಲಪಿದವನು ಸಿ. ಎಸ್. ಲೂಯಿಸ್. 1948ರಲ್ಲಿ ಆಕ್ಸ್‌ಫರ್ಡಿನ ಸಾಕ್ರಟಿಕ್ ಕ್ಲಬ್ಬಿನಲ್ಲಿ ಎಲಿಜಬೆತ್ ಆನ್ಸ್‌ಕೂಂಬ್ ಎಂಬ ದಾರ್ಶನಿಕೆ, ತಾನೂ ಕ್ರೈಸ್ತಳಾಗಿದ್ದುಕೊಂಡೇ, ಪವಾಡಗಳನ್ನು ಕುರಿತ ಅವನ ಪುಸ್ತಕದ ಮೂರನೆಯ ಅಧ್ಯಾಯದ ತರ್ಕದೋಷವನ್ನು ತೋರಿಸಿದಳು. 1960ರ ಆವೃತ್ತಿಯಲ್ಲಿ ಅವನು ಆ ಅಧ್ಯಾಯವನ್ನು ತಿದ್ದಿ ಬರೆದನು. ದುಃಖದ ಸಮಸ್ಯೆಗೆ 1940ರಲ್ಲಿ ಅಚ್ಚುಕಟ್ಟಾದ ಸಮಾಧಾನವನ್ನು ಹೇಳಿದ್ದ ಅದೇ ಲೇಖಕ, 1960ರಲ್ಲಿ ಪತ್ನಿ ತೀರಿಕೊಂಡ ಮೇಲೆ ಬರೆದ ಟಿಪ್ಪಣಿಗಳಲ್ಲಿ, ಸಂಶಯವಾದಿಯೂ ಹೇಳಲು ಅಳುಕುವ ಮಾತುಗಳನ್ನು ದೇವರ ಮುಂದಿಟ್ಟಿದ್ದಾನೆ. ಅವನು ಬದುಕಿದ್ದಾಗ ಕಲ್ಪಿತನಾಮದಲ್ಲಿ ಹೊರಬಂದ ಆ ಚಿಕ್ಕ ಪುಸ್ತಕವನ್ನು ಮೊದಲು ಓದಿ, ಅನಂತರ 1940ರ ಗ್ರಂಥವನ್ನು ಕೈಗೆತ್ತಿಕೊಳ್ಳಬೇಕೆಂದು ಜಿಜ್ಞಾಸುಗಳಾದ ವಾಚಕರಲ್ಲಿ ನನ್ನ ವಿನಂತಿ.