ಬೆಳ್ಳಿ ತಟ್ಟೆಯ ಬೀಗ

ಕಳೆದ ಬೇಸಿಗೆಯಲ್ಲಿ ಕಪಾಟನ್ನು ಒಪ್ಪ ಮಾಡುವಾಗ ಎರಡು ಡಿವಿಡಿಗಳು ಸಿಕ್ಕವು. ಒಂದು, 2005ರಲ್ಲಿ ನಮ್ಮ ಶಾಲೆಯ ಮಕ್ಕಳು ವಾರ್ಷಿಕೋತ್ಸವದಂದು ಆಡಿದ ನಾಟಕ. ಇನ್ನೊಂದು, ಅಂಗಡಿಯಲ್ಲಿ ಹಣ ಕೊಟ್ಟು ಕೊಂಡ ಚಲನಚಿತ್ರ. ಪ್ಲೇಯರ್ ಕೆಟ್ಟು ವರ್ಷಗಳಾಗಿದ್ದವು. ಎರಡನ್ನೂ ಕಂಪ್ಯೂಟರಿನಲ್ಲಿ ನೋಡುವಂತೆ ಫೈಲುಗಳನ್ನಾಗಿ ಮಾಡಿಕೊಡಪ್ಪಾ ಎಂದು ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದೆ. ನಾಟಕ ಅರ್ಧ ಗಂಟೆಯಲ್ಲಿ ಮುಗಿಯಿತು. ಚಲನಚಿತ್ರವನ್ನು ನಕಲಿಸಿದರೆ ತೆರೆಯ ಮೇಲೆ ಬಣ್ಣದ ಚೌಕಗಳಷ್ಟೇ ಕಂಡವು. "ಸಾರ್, ಇದಕ್ಕೆ ಬೀಗ ಹಾಕಿದ್ದಾರೆ" ಎಂದ. ಆ ಬೀಗಕ್ಕೂ ಒಂದು ಇತಿಹಾಸವಿದೆ.

ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು 1996ರ ನವೆಂಬರಿನಲ್ಲಿ, ಜಪಾನಿನಲ್ಲಿ. ಸಿ.ಡಿ.ಯಲ್ಲಿ 700 ಎಂಬಿ ಹಿಡಿದರೆ, ಇದರ ಒಂದೇ ಪದರದಲ್ಲಿ 4.7 ಜಿಬಿ ಹಿಡಿಯುತ್ತಿತ್ತು. ವಿಡಿಯೋ ಕ್ಯಾಸೆಟ್ಟಿನ ನಕಲು ಪ್ರತಿ ಸಲವೂ ಮಸುಕಾಗುತ್ತಿತ್ತು. ಡಿಜಿಟಲ್ ನಕಲಾದರೋ ಮೂಲದ ಪಡಿಯಚ್ಚು. ಚಿತ್ರೋದ್ಯಮವು ಹೆದರಿದ್ದು ಸಹಜವೇ. ಆದುದರಿಂದ ಸಿಎಸ್ಎಸ್ ಎಂಬ ಗೂಢಲಿಪಿಯನ್ನು ಅಳವಡಿಸಲಾಯಿತು. ಅದನ್ನು ಬಿಡಿಸುವ ಕೀಲಿಕೈ ಪರವಾನಗಿ ಪಡೆದ ಪ್ಲೇಯರ್ ತಯಾರಕರಿಗೆ ಮಾತ್ರ ದೊರೆಯುತ್ತಿತ್ತು.

ಲಿನಕ್ಸ್ ಬಳಸುವವರಿಗೆ ಅಂತಹ ಪರವಾನಗಿಯುಳ್ಳ ಪ್ಲೇಯರ್ ಆಗ ಇರಲಿಲ್ಲ. ಹಣ ತೆತ್ತು ತಂದ ತಟ್ಟೆ ಕೈಯಲ್ಲಿದ್ದರೂ ತಮ್ಮ ಯಂತ್ರದಲ್ಲಿ ನೋಡುವಂತಿರಲಿಲ್ಲ! 1999ರ ಅಕ್ಟೋಬರಿನಲ್ಲಿ ನಾರ್ವೆಯ ಹದಿನೈದು ವರ್ಷದ ಹುಡುಗ ಯೋನ್ ಲೆಕ್ ಯೋಹಾನ್ಸೆನ್, ಹೆಸರು ಬಹಿರಂಗಪಡಿಸದ ಇನ್ನಿಬ್ಬರೊಡನೆ ಸೇರಿ ಸಿದ್ಧಪಡಿಸಿದ 'ಡಿಸಿಎಸ್ಎಸ್' ಎಂಬ ಪುಟ್ಟ ತಂತ್ರಾಂಶವನ್ನು ಅಂತರಜಾಲದಲ್ಲಿ ಹರಿಯಬಿಟ್ಟ. ಬೀಗವೂ ಅಷ್ಟೇನೂ ಗಟ್ಟಿಯಾಗಿರಲಿಲ್ಲ: ಕೀಲಿಯ ಉದ್ದ ಬರೀ 40 ಬಿಟ್, ಅದರ ರಚನೆಯಲ್ಲಿಯೂ ದೋಷಗಳಿದ್ದವು.

2000ದ ಜನವರಿಯಲ್ಲಿ ಪೊಲೀಸರು ಆ ಹುಡುಗನ ಮನೆಯನ್ನು ಶೋಧಿಸಿದರು. 2003ರ ಜನವರಿಯಲ್ಲಿ ಓಸ್ಲೋ ನ್ಯಾಯಾಲಯವು, ನ್ಯಾಯವಾಗಿ ಕೊಂಡ ಚಿತ್ರವನ್ನು ತನ್ನ ಕಂಪ್ಯೂಟರಿನಲ್ಲಿ ನೋಡುವುದು ಅಪರಾಧವಲ್ಲವೆಂದು ಅವನನ್ನು ಬಿಡುಗಡೆ ಮಾಡಿತು. ಅದೇ ಡಿಸೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅಮೆರಿಕದಲ್ಲಿ ಆದದ್ದು ಇದಕ್ಕೆ ವಿರುದ್ಧ. ಆ ತಂತ್ರಾಂಶವನ್ನು ಪ್ರಕಟಿಸಿದ '2600' ಎಂಬ ಪತ್ರಿಕೆಯ ವಿರುದ್ಧ 2000ದಲ್ಲಿ ತೀರ್ಪು ಬಂತು. ಅಲ್ಲಿ 1998ರಲ್ಲಿ ಆದ ಕಾನೂನಿನ ಪ್ರಕಾರ ಬೀಗ ತೆಗೆಯುವ ಸಾಧನವನ್ನು ಹಂಚುವುದೇ ತಪ್ಪು. ಆದರೇನು, ಜನ ಅದನ್ನು ಅಂಗಿಗಳ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗಿದರು!

ಬೀಗ ತೆರೆದ ಮೇಲಿನ ಕೆಲಸ ಸುಲಭ. ಡಿವಿಡಿಯೊಳಗಿನ ಚಿತ್ರವು ಎಂಪೆಗ್-2 ರೂಪದಲ್ಲಿರುತ್ತದೆ. ಅದನ್ನು ಎಂಪೆಗ್-4ರ ರೀತಿಯಲ್ಲಿ ಮತ್ತಷ್ಟು ಕುಗ್ಗಿಸಿದರೆ ಎರಡು ಗಂಟೆಯ ಚಿತ್ರ ಒಂದು ಸಿ.ಡಿ.ಯಲ್ಲಿ ಹಿಡಿಸುತ್ತದೆ. ಧ್ವನಿಯನ್ನಷ್ಟೇ ಬೇರ್ಪಡಿಸಿ ಎಂಪಿ3 ಮಾಡಿಕೊಳ್ಳಲೂಬಹುದು. ಆದರೆ ಒಂದು ಮಾತು: ಕುಗ್ಗಿಸಿದಷ್ಟೂ ಚಿತ್ರದ ಸೂಕ್ಷ್ಮ ವಿವರಗಳು ಅಳಿಯುತ್ತವೆ, ಮತ್ತೆ ಬರುವುದಿಲ್ಲ.

ನಮ್ಮ ದೇಶದಲ್ಲಿ 2012ರ ಹಕ್ಕುಸ್ವಾಮ್ಯ ತಿದ್ದುಪಡಿಯು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದನ್ನು ಅಪರಾಧವೆಂದಿದೆ. ಉದ್ದೇಶವನ್ನು ನೋಡಬೇಕೆಂಬುದು ಇದರ ವಿವೇಕ. ಕಳ್ಳ ಪ್ರತಿ ಮಾರುವವನ ಪರ ನಾನು ವಕಾಲತ್ತು ಮಾಡುವುದಿಲ್ಲ. ಕಲಾವಿದರ ಅನ್ನವನ್ನು ಕಸಿಯುವುದು ಪಾಪ. ಆದರೆ ಬೀಗಕ್ಕೆ ಕಳ್ಳನೂ ಯಜಮಾನನೂ ಒಂದೇ. ದೊಡ್ಡ ಕಳ್ಳರು ತಟ್ಟೆಯನ್ನು ಬೀಗಸಮೇತ ಅಚ್ಚು ಹಾಕಿ ಮಾರಬಲ್ಲರು. ಬಾಗಿಲಲ್ಲಿ ನಿಲ್ಲುವವನು ಹಣ ಕೊಟ್ಟವನೇ.

ನಾಟಕದ ತಟ್ಟೆಗೆ ಬೀಗವಿರಲಿಲ್ಲ, ಆದರೆ ಆಯುಷ್ಯವೂ ಹೆಚ್ಚಿರಲಿಲ್ಲ. ಮನೆಯಲ್ಲಿ ಬರೆದ ಡಿವಿಡಿಗಳಲ್ಲಿ ದೃಶ್ಯವನ್ನು ಹಿಡಿದಿಡುವುದು ಒಂದು ತೆಳುವಾದ ಬಣ್ಣದ ಪದರ; ಬಿಸಿಲು, ಸೆಖೆಗಳಿಗೆ ಅದು ಕೆಡುತ್ತದೆ. ನಮ್ಮ ನಾಟಕದ ಕೊನೆಯ ಐದು ನಿಮಿಷ ಆಗಲೇ ಓದಲು ಬಾರದಂತಾಗಿತ್ತು. ಓದುಗ ಮಿತ್ರರೇ, ನಿಮ್ಮ ಕಪಾಟಿನಲ್ಲಿ ಮದುವೆಯದೋ ಮಕ್ಕಳದೋ ತಟ್ಟೆಗಳಿದ್ದರೆ ಈ ವಾರವೇ ಹೊರತೆಗೆಯಿರಿ.